ಕರಿಪಟ್ಟಿಯ ಕೆಳಗಿನ ಶನಿವಾರ

ಸಂಸತ್ತಿನ ಉಪಸಮಿತಿಯ ಮುಂದೆ ಓದಲೆಂದು ಹಾರ್ಲನ್ ಗ್ರೋಟ್ ಬರೆದಿದ್ದ ಹನ್ನೊಂದು ಪುಟದ ಹೇಳಿಕೆ ಇಲಾಖೆಯ ಪರಿಶೀಲನೆಗೆ ಹೋಗಿ ಆರು ವಾರವಾಗಿತ್ತು. ಸೋಮವಾರ ಮಧ್ಯಾಹ್ನದ ಅಂಚೆಯಲ್ಲಿ ಅದು ವಾಪಸು ಬಂತು. ಅವನು ಲಕೋಟೆ ಒಡೆದು ಪುಟಗಳನ್ನು ಅಡುಗೆಮನೆಯ ಮೇಜಿನ ಮೇಲೆ ಸಾಲಾಗಿ ಹರಡಿದ. ಪಕ್ಕದಲ್ಲಿ ಆಲೂಗೆಡ್ಡೆ ಸುಲಿಯುತ್ತಿದ್ದ ಹೆಂಡತಿ ಡಾರ್ಲೀನ್ ಕತ್ತು ಚಾಚಿ ನೋಡಿ, “ಪ್ರಿಂಟರ್ ಕೆಟ್ಟಿದ್ಯಾ?” ಎಂದಳು.

ಪ್ರಿಂಟರ್ ಕೆಟ್ಟಿರಲಿಲ್ಲ. ಗುಪ್ತಚರ ಇಲಾಖೆಯಲ್ಲಿ ಒಮ್ಮೆ ಕೆಲಸ ಮಾಡಿದವನು ನಿವೃತ್ತನಾದ ಮೇಲೂ, ಸಾಯುವವರೆಗೂ, ಆ ಕೆಲಸದ ಬಗ್ಗೆ ಏನು ಬರೆದರೂ ಮೊದಲು ಇಲಾಖೆಗೆ ತೋರಿಸಬೇಕು. ಬೇಡವೆನಿಸಿದ್ದರ ಮೇಲೆ ಅವರು ಕರಿಪಟ್ಟಿ ಎಳೆದು ಕಳಿಸುತ್ತಾರೆ. ಪಟ್ಟಿ ಬೀಳದೆ ಉಳಿದದ್ದನ್ನು ಮಾತ್ರ ಬಾಯಿಬಿಟ್ಟು ಹೇಳಬಹುದು. ಹಾರ್ಲನ್ ಈ ನಿಯಮವನ್ನು ಬೇಕಾದ್ದಕ್ಕಿಂತ ತುಸು ಹೆಚ್ಚೇ ಪಾಲಿಸುವವನು. ಬಡಾವಣೆಯ ಪತ್ರಿಕೆಗೆ ಟೊಮೆಟೊ ಗಿಡಗಳ ಬಗ್ಗೆ ಬರೆದ ಅರ್ಧ ಪುಟದ ಲೇಖನವನ್ನೂ, ಯಾಕೆ ಅಪಾಯ ಎಂದು, ಪರಿಶೀಲನೆಗೆ ಕಳಿಸಿದ್ದ. ಅದು ಒಂದೇ ಒಂದು ಕರಿಪಟ್ಟಿಯೊಂದಿಗೆ ಮರಳಿತ್ತು. ಗೊಬ್ಬರದ ಹೆಸರಿನ ಮೇಲೆ. ಯಾಕೆಂದು ಅವನಿಗೆ ಇವತ್ತಿಗೂ ತಿಳಿದಿಲ್ಲ, ಆದರೆ ಅಂದಿನಿಂದ ಆ ಗೊಬ್ಬರ ಕೊಳ್ಳುವಾಗ ಅಂಗಡಿಯಲ್ಲಿ ಆಚೀಚೆ ನೋಡುತ್ತಾನೆ.

ಈಗ ಹನ್ನೊಂದು ಪುಟಗಳಲ್ಲಿ ಉಳಿದಿದ್ದ ಪದಗಳನ್ನು ಅವನು ಬೆರಳಿಟ್ಟು ಎಣಿಸಿದ. ಹದಿಮೂರು.

“‘ಸ್ಯಾಂಡ್‌ವಿಚ್’ ಬಿಟ್ಟಿದ್ದಾರೆ,” ಎಂದ, ಅದರಲ್ಲಾದರೂ ಏನೋ ಸಮಾಧಾನ ಹುಡುಕುತ್ತ.

“ಅಂದ್ರೆ ನೀನು ಎಲ್ಲಿದ್ದೆಯೋ ಅಲ್ಲಿ ಸ್ಯಾಂಡ್‌ವಿಚ್ ಇತ್ತು,” ಎಂದಳು ಡಾರ್ಲೀನ್. “ನಲವತ್ತು ವರ್ಷದಲ್ಲಿ ನಂಗೆ ಸಿಕ್ಕಿರೋ ಮೊದಲ್ನೇ ಸುಳಿವು ಇದು. ಬರೆದಿಟ್ಕೋತೀನಿ.”

ಅವಳು ನಗುತ್ತಿದ್ದಾಳೋ ಇಲ್ಲವೋ ಎಂದು ಹಾರ್ಲನ್ ಮುಖ ನೋಡಿದ. ನಗುತ್ತಿರಲಿಲ್ಲ.

ನಲವತ್ತು ವರ್ಷದ ಹಿಂದೆ, 1986ರ ಜೂನ್ ತಿಂಗಳ ಒಂದು ಶನಿವಾರ ಮಧ್ಯಾಹ್ನ ಮೂರು ಗಂಟೆಗೆ, ವರ್ಜೀನಿಯಾದ ಅನ್ನಂಡೇಲಿನ ಮೆಥಡಿಸ್ಟ್ ಚರ್ಚಿನಲ್ಲಿ ಅವರ ಮದುವೆ ನಿಗದಿಯಾಗಿತ್ತು. ನೂರಿಪ್ಪತ್ತು ಜನ ಬಂದಿದ್ದರು, ಮೂರಂತಸ್ತಿನ ಕೇಕ್ ಬಂದಿತ್ತು, ಆರ್ಗನ್ ನುಡಿಸುವವನು ಬಂದಿದ್ದ. ಮದುಮಗ ಬರಲಿಲ್ಲ. ಸೋಮವಾರ ಬೆಳಿಗ್ಗೆ ಬಂದ. ಮುಖದ ಬಲಭಾಗವೆಲ್ಲ ಬಿಸಿಲಿಗೆ ಸುಟ್ಟು ಕೆಂಪಾಗಿತ್ತು, ಎಡಭಾಗ ಬೆಳ್ಳಗೇ ಇತ್ತು. ಎಲ್ಲಿದ್ದೆ ಎಂದು ಕೇಳಿದರೆ, “ಹೇಳೋಹಾಗಿಲ್ಲ. ನನ್ನ ಕೈಯಲ್ಲಿ ಇರಲಿಲ್ಲ, ಡಾರ್ಲೀನ್, ನನ್ನನ್ನ ಬಿಡಲಿಲ್ಲ,” ಎಂದಷ್ಟೇ ಹೇಳಿದ. ಅವಳ ಅಪ್ಪ ಅವನನ್ನು ಹೊಡೆಯಲು ಹೋಗಿ, ಯಾವ ಕೆನ್ನೆಗೆ ಎಂದು ತಿಳಿಯದೆ ಬಿಟ್ಟ. ಡಾರ್ಲೀನ್ ಒಂದು ವಾರ ಯೋಚಿಸಿ, ಮುಂದಿನ ಶನಿವಾರ ಅವನನ್ನೇ ಮದುವೆಯಾದಳು. ಕೇಕ್ ಇರಲಿಲ್ಲ. ಅದನ್ನು ಹಿಂದಿನ ವಾರವೇ ಜನ ತಿಂದು ಮುಗಿಸಿದ್ದರು.

ಮದುವೆಯಾದ ಮೊದಲ ಆರು ತಿಂಗಳು ಹಾರ್ಲನ್ ಹಲ್ಲುನೋವಿನವನಂತೆ ಗದ್ದಕ್ಕೂ ತಲೆಗೂ ಟವೆಲ್ ಸುತ್ತಿ ಕಟ್ಟಿಕೊಂಡು ಮಲಗುತ್ತಿದ್ದ. ನಿದ್ದೆಯಲ್ಲಿ ಏನಾದರೂ ಬಾಯಿಗೆ ಬಂದರೆ ಎಂಬ ಭಯ. ದೇಶದ ರಹಸ್ಯಕ್ಕೂ ತನ್ನ ಹೆಂಡತಿಯ ಕಿವಿಗೂ ನಡುವೆ ಒಂದು ಟವೆಲ್ ಮಾತ್ರ ಇದೆ ಎಂದು ಅವನಿಗೆ ಎಷ್ಟೋ ಸಲ ಬೆವರು ಬಂದದ್ದುಂಟು.

ಆ ವಾರಾಂತ್ಯ ಅವನು ಕಂಡದ್ದು ಹಾರುವ ತಟ್ಟೆ. ಕೆಲಸದಲ್ಲಿದ್ದಷ್ಟು ಕಾಲ ಆ ಹೆಸರನ್ನು ಮನಸ್ಸಿನಲ್ಲೂ ಎತ್ತಲಿಲ್ಲ. ನಿವೃತ್ತನಾದ ವಾರವೇ, ಸರ್ಕಾರ ಈ ವಿಷಯವನ್ನು ಜನರಿಗೆ ತೆರೆದಿಡಬೇಕೆಂದು ಅರ್ಜಿ ಹಾಕಿದ. ಅಲ್ಲಿಂದ ವರ್ಷಕ್ಕೊಂದರಂತೆ ಒಟ್ಟು ಹತ್ತೊಂಬತ್ತು ಅರ್ಜಿ. ರೇಡಿಯೋದಲ್ಲಿ ಮಾತಾಡಿದ, ಗ್ರಂಥಾಲಯಗಳಲ್ಲಿ ಮಾತಾಡಿದ, ಅದೂ ಪರಿಶೀಲನೆಯಾಗಿ ಬಂದ ಮಾತುಗಳನ್ನು ಮಾತ್ರ, ಹಾಗಾಗಿ ಅವನ ಭಾಷಣಗಳು ಬಹಳ ಚಿಕ್ಕವು. ಜನ ಅವನನ್ನು ಸತ್ಯಕ್ಕಾಗಿ ಹೋರಾಡುವ ಧೀರ ಎಂದರು. ಅದನ್ನು ಕೇಳಿದಾಗಲೆಲ್ಲ ಅವನಿಗೆ ಕಸಿವಿಸಿ. ಮನುಕುಲಕ್ಕೆ ಏನು ತಿಳಿಯಬೇಕೋ ತಿಳಿಯಲಿ, ಅದು ಒಳ್ಳೆಯದೇ. ಅವನಿಗೆ ಬೇಕಾಗಿದ್ದದ್ದು ಒಂದು ದಿನ ಬೆಳಗಿನ ತಿಂಡಿಯ ಹೊತ್ತಿಗೆ ಡಾರ್ಲೀನಳ ಎದುರು ಕೂತು, ‘ಅವತ್ತು ನಾನು ಇಂಥ ಕಡೆ ಇದ್ದೆ’ ಎಂದು ಹೇಳಲು ಅನುಮತಿ.

ಹತ್ತೊಂಬತ್ತಕ್ಕೂ ಬಂದ ಉತ್ತರ ಒಂದೇ: ‘ಸದರಿ ಕಡತವನ್ನು ತೆರೆಯಲು ▬▬▬▬ ಅವರ ಒಪ್ಪಿಗೆ ದೊರೆತಿಲ್ಲ.’ ಹೆಸರಿನ ಮೇಲೆ ಕರಿಪಟ್ಟಿ. ಹಾರ್ಲನ್ ಆ ಪಟ್ಟಿಯನ್ನು ಸ್ಕೇಲಿಟ್ಟು ಅಳೆದಿದ್ದ, ಎರಡೂವರೆ ಸೆಂಟಿಮೀಟರು. ಆಮೇಲೆ ಹಳೆಯ ಟೈಪ್‌ರೈಟರಿನಲ್ಲಿ ಪರಿಚಿತರ ಹೆಸರುಗಳನ್ನೆಲ್ಲ ಹೊಡೆದು ಅಳೆದ. ಮೂವರ ಹೆಸರು ಪಟ್ಟಿಯ ಉದ್ದಕ್ಕೆ ಸರಿಹೊಂದಿತು. ಆ ಮೂವರಿಗೂ ಕ್ರಿಸ್‌ಮಸ್ ಕಾರ್ಡು ಕಳಿಸುವುದನ್ನು ನಿಲ್ಲಿಸಿದ. ಅವರಲ್ಲಿ ಮೊದಲನೆಯವನು ಹಾರ್ಲನ್ ತಟ್ಟೆ ಕಂಡ ಮರುಭೂಮಿಯ ಸೇನಾ ನೆಲೆಗೆ ಆಗ ಮುಖ್ಯಸ್ಥನಾಗಿದ್ದ ಕರ್ನಲ್ ಬಾಸ್ಕೊಮ್. ಹಾರ್ಲನ್‌ಗೆ ಅವನ ಮೇಲೆಯೇ ಗುಮಾನಿ. ಹತ್ತೊಂಬತ್ತು ವರ್ಷ ಹಲ್ಲುಜ್ಜುವಾಗೆಲ್ಲ ಕನ್ನಡಿಯಲ್ಲಿ ಬಾಸ್ಕೊಮ್‌ನನ್ನು ಬೈದಿದ್ದ.

ಡಾರ್ಲೀನ್ ಆಲೂಗೆಡ್ಡೆಯ ಸಿಪ್ಪೆಯನ್ನು ಬುಟ್ಟಿಗೆ ಹಾಕಿ, ಕೈ ಒರೆಸಿಕೊಂಡು ಎದುರು ಕೂತಳು.

“ಹಾರ್ಲನ್, ಬರೋ ಶನಿವಾರ ಏನು?”

“ನಮ್ಮ ನಲವತ್ತನೇ ವರ್ಷದ್ದು. ಚರ್ಚಿನ ಹಾಲ್‌ನಲ್ಲಿ ಮತ್ತೆ ಪ್ರಮಾಣ ಮಾಡೋದು. ಮೂರು ಗಂಟೆಗೆ. ಕೇಕ್ ಹೇಳಿಯಾಗಿದೆ.”

“ಹ್ಞೂಂ. ಒಂದು ಸಲ ಅಲ್ಲಿ ಬಿಳಿ ಬಟ್ಟೆ ಹಾಕ್ಕೊಂಡು ಪೆದ್ದಿ ಥರ ನಿಂತಿದ್ದೀನಿ. ಇನ್ನೊಂದು ಸಲ ನಿಲ್ಲೋಕೆ ಮುಂಚೆ ಆ ದಿನ ಎಲ್ಲಿದ್ದೆ ಅಂತ ನಂಗೆ ಗೊತ್ತಾಗ್ಬೇಕು. ಗೊತ್ತಾಗ್ಲಿಲ್ಲ ಅಂದ್ರೆ ನಾನು ಬರಲ್ಲ, ಕೇಕ್ ನೀನೇ ತಿನ್ಕೋ.”

“ಬುಧವಾರ ವಿಚಾರಣೆ ಇದೆಯಲ್ಲ ಚಿನ್ನ. ಅಲ್ಲಿ...”

“ಹದಿಮೂರು ಪದದಲ್ಲಿ ಹೇಳ್ತೀಯಾ?”

ಅವನು ಪುಟಗಳನ್ನು ನೋಡಿದ. ಹದಿಮೂರರಲ್ಲಿ ಎರಡು ‘ಮೇಲೆ’ ಎಂದಿದ್ದವು.

ಬುಧವಾರ ಬೆಳಿಗ್ಗೆ ಅವರನ್ನು ವಾಷಿಂಗ್ಟನ್‌ಗೆ ಕರೆದೊಯ್ದವನು ಪಕ್ಕದ ಮನೆಯ ಸ್ಕಿಪ್ ವ್ಯಾಂಡರ್‌ಹುಕ್. ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು, ಹಾರುವ ತಟ್ಟೆಗಳ ಭಕ್ತ. ಅವನ ವ್ಯಾನಿನ ಹಿಂದಿನ ಸೀಟುಗಳಲ್ಲಿ ಇನ್ನೂ ಏಳು ಜನ ಭಕ್ತರು ಹಸಿರು ಅಂಗಿ ತೊಟ್ಟು, ಮಡಿಲಲ್ಲಿ ಬೇಯಿಸಿದ ಮೊಟ್ಟೆಯ ಡಬ್ಬಿಗಳನ್ನಿಟ್ಟುಕೊಂಡು ಕೂತಿದ್ದರು.

“ಗುರುವೇ, ಇವತ್ತು ಬಿಡಬೇಡ,” ಎಂದ ಸ್ಕಿಪ್, ಸ್ಟಿಯರಿಂಗಿಗಿಂತ ಹಾರ್ಲನ್‌ನನ್ನೇ ಹೆಚ್ಚು ನೋಡುತ್ತ. “ಒಂದೇ ಒಂದು ಹೇಳ್ಬಿಡು. ತಟ್ಟೆಯಲ್ಲಿದ್ದೋರಿಗೆ ಕಣ್ಣು ಎಷ್ಟು?”

“ಸ್ಕಿಪ್, ಮುಂದೆ ಲಾರಿ ಇದೆ.”

“ಲಾರಿಗೆ ಎರಡು ಕಣ್ಣು, ಗೊತ್ತು. ಅವರಿಗೆ?”

“ಅವನಿಗೆ ಹೇಳೋಕಾಗಲ್ಲ ಸ್ಕಿಪ್,” ಎಂದಳು ಹಿಂದಿನಿಂದ ಡಾರ್ಲೀನ್. “ಹೆರಿಗೆ ವಾರ್ಡಿನ ಬಾಗಿಲಲ್ಲಿ ನರ್ಸು ‘ನೀವು ಮಗೂಗೆ ಏನಾಗ್ಬೇಕು’ ಅಂದಾಗ್ಲೂ ‘ಖಚಿತಪಡಿಸೋಕೂ ಆಗಲ್ಲ, ನಿರಾಕರಿಸೋಕೂ ಆಗಲ್ಲ’ ಅಂದಿದ್ದ.”

ವ್ಯಾನಿನಲ್ಲಿ ಎಲ್ಲರೂ ನಕ್ಕರು. ಹಾರ್ಲನ್‌ನ ಕಿವಿ ಕೆಂಪಾಯಿತು. ಅದು ನಿಜವಾಗಿತ್ತು.

ವಿಚಾರಣೆಯ ಕೋಣೆ ಕಿಕ್ಕಿರಿದಿತ್ತು. ಎತ್ತರದ ಮೇಜಿನ ಹಿಂದೆ ಉಪಸಮಿತಿಯ ಅಧ್ಯಕ್ಷೆ ಬೆಟಿನಾ ರಸ್ಕ್, ಅರವತ್ತರ ಹೆಂಗಸು, ಮೂಗಿನ ತುದಿಯಲ್ಲಿ ಕನ್ನಡಕ. ಕೆಳಗೆ ಸಾಕ್ಷಿಗಳ ಮೇಜಿನ ಒಂದು ತುದಿಯಲ್ಲಿ ಹಾರ್ಲನ್, ಇನ್ನೊಂದು ತುದಿಯಲ್ಲಿ ಇಲಾಖೆಯ ಪರವಾಗಿ ಬಂದ ಯುವ ಅಧಿಕಾರಿ ಮಿಸ್ಟರ್ ಯೂನ್. ಯೂನ್‌ನ ಕಾಲಬುಡದಲ್ಲಿ ಬೀಗ ಹಾಕಿದ ಚರ್ಮದ ಚೀಲ. ಅದರೊಳಗೆ 1986ರ ಕಡತವಿದೆ, ಸಮಿತಿ ಹಠ ಹಿಡಿದು ತರಿಸಿದೆ, ಆದರೆ ತೆರೆಯುವಂತಿಲ್ಲ. ಹಾರ್ಲನ್‌ನ ಬೆನ್ನ ಹಿಂದೆ, ಮೊದಲ ಸಾಲಿನಲ್ಲಿ, ಡಾರ್ಲೀನ್. ಅವಳ ಪಕ್ಕ ಸ್ಕಿಪ್ ಮತ್ತು ಹಸಿರು ಅಂಗಿಗಳು.

ಹಾರ್ಲನ್ ಬಲಗೈ ಎತ್ತಿ ಸತ್ಯವನ್ನೇ ಹೇಳುವೆನೆಂದು ಪ್ರಮಾಣ ಮಾಡಿದ. ಮುಂದಿನ ಪುಟ್ಟ ದೀಪ ಹಸಿರಾಯಿತು. ಐದು ನಿಮಿಷ. ಕೊನೆಯ ಒಂದು ನಿಮಿಷಕ್ಕೆ ಅದು ಹಳದಿಯಾಗುತ್ತದೆ, ಮುಗಿದರೆ ಕೆಂಪಾಗುತ್ತದೆ.

“ಮಾನ್ಯ ಅಧ್ಯಕ್ಷರೇ,” ಎಂದು ಓದಿದ ಹಾರ್ಲನ್. “ನಾನು.”

ನಂತರ ಸುಮ್ಮನಾದ.

ಇಲ್ಲಿ ಒಂದು ಮಾತು ಹೇಳಬೇಕು. ಕರಿಪಟ್ಟಿಯನ್ನು ಹಾರಿಸಿ ಸೀದಾ ಮುಂದಿನ ಪದಕ್ಕೆ ಹೋಗುವುದು ಕೇಳುವವರಿಗೆ ಮೋಸ ಮಾಡಿದಂತೆ ಎಂದು ಅವನಿಗೆ ರಾತ್ರಿಯೆಲ್ಲ ಅನಿಸಿತ್ತು. ಅಲ್ಲಿ ಏನೂ ಇರಲಿಲ್ಲವೆಂದು ಅವರು ತಿಳಿದರೆ? ಅದಕ್ಕಾಗಿ ಪಟ್ಟಿಯ ಕೆಳಗಿನ ಮಾತನ್ನು ಮನಸ್ಸಿನಲ್ಲೇ ಓದಿಕೊಂಡು, ಅಷ್ಟು ಹೊತ್ತು ಬಾಯಿ ಮುಚ್ಚಿ ಕಾಯುವುದೆಂದು ನಿರ್ಧರಿಸಿದ್ದ.

ನಲವತ್ತು ಸೆಕೆಂಡು ಕಳೆಯಿತು. ಕ್ಯಾಮೆರಾದವರು ಒಬ್ಬರ ಮುಖ ಒಬ್ಬರು ನೋಡಿದರು.

“ಶುಕ್ರವಾರ,” ಎಂದ ಹಾರ್ಲನ್.

ಮತ್ತೆ ಮೌನ.

“ಮಿಸ್ಟರ್ ಗ್ರೋಟ್,” ಅಧ್ಯಕ್ಷೆ ಮುಂದಕ್ಕೆ ಬಾಗಿದಳು, “ಹುಷಾರಾಗಿದ್ದೀರಾ? ನೀರು ಬೇಕಾ?”

“ಇಲ್ಲ ಮೇಡಂ. ಇದು ಮೂರನೇ ಪ್ಯಾರಾ.” ಇನ್ನೂ ಸ್ವಲ್ಪ ಕಾದು, “ಮೇಲೆ,” ಎಂದ.

ಹಸಿರು ಅಂಗಿಯವರೆಲ್ಲ ಒಟ್ಟಿಗೆ ತಲೆಯೆತ್ತಿ ಚಾವಣಿ ನೋಡಿದರು. ಟೆಕ್ಸಾಸಿನ ಸದಸ್ಯನೊಬ್ಬ ತಾನೂ ನೋಡಿ, ಯಾರಾದರೂ ಗಮನಿಸಿದರೇನೋ ಎಂದು ಟೈ ಸರಿಮಾಡಿಕೊಂಡ.

“ಬೂದು ಬಣ್ಣದ...” ದೀಪ ಹಳದಿಯಾಯಿತು. ಹಾರ್ಲನ್‌ಗೆ ಬೆವರಿತು, ಆರು ಪುಟ ಇನ್ನೂ ಬಾಕಿ. ಮನಸ್ಸಿನಲ್ಲೇ ಬೇಗ ಬೇಗ ಓದತೊಡಗಿದ, ತುಟಿ ಮಾತ್ರ ಅಲ್ಲಾಡುತ್ತಿತ್ತು. “ಸ್ಯಾಂಡ್‌ವಿಚ್. ಮತ್ತೆ ಮೇಲೆ. ಆದರೆ.” ಕೆಂಪು ದೀಪ ಹತ್ತಿತು. “ದಯವಿಟ್ಟು. ಧನ್ಯವಾದಗಳು.”

ಸ್ಕಿಪ್ ಎದ್ದುನಿಂತು ಚಪ್ಪಾಳೆ ಹೊಡೆದ. ಅಧ್ಯಕ್ಷೆ ಸುತ್ತಿಗೆ ಕುಟ್ಟಿದಳು.

“ಮಿಸ್ಟರ್ ಯೂನ್,” ಎಂದಳು ಅವಳು, “ನಾನು ಇಪ್ಪತ್ತೆರಡು ವರ್ಷದಿಂದ ಇಲ್ಲಿ ಕೂತಿದ್ದೀನಿ. ಬೇಕಾದಷ್ಟು ಸುಳ್ಳು ಕೇಳಿದ್ದೀನಿ, ಇಂಥ ಭಾಷಣ ಕೇಳಿಲ್ಲ. ಇವರ ಹತ್ತೊಂಬತ್ತು ಅರ್ಜಿಗೂ ಯಾರೋ ಒಬ್ಬರು ಒಪ್ಪಿಗೆ ಕೊಟ್ಟಿಲ್ಲ ಅಂತ ಬರೆದಿದ್ದೀರಿ. ಯಾರದು?”

“ಅದು ಕರಿಪಟ್ಟಿಯ ಕೆಳಗಿದೆ, ಮೇಡಂ.”

“ಪಟ್ಟಿ ಎಳೆದವರು ನೀವೇ ಅಲ್ವಾ? ತೆಗೀರಿ.”

ಯೂನ್ ಹಿಂದೆ ಕೂತಿದ್ದ ಇಬ್ಬರು ವಕೀಲರ ಕಡೆ ವಾಲಿದ. ಮೂವರೂ ಪಿಸುಗುಟ್ಟಿದರು. ಹಾರ್ಲನ್ ಎರಡೂ ಕೈಯಿಂದ ಮೇಜಿನ ಅಂಚು ಹಿಡಿದುಕೊಂಡ. ಬಾಸ್ಕೊಮ್ ಎಂದು ಹೇಳಲಿ, ಒಂದು ಸಲ ಎಲ್ಲರ ಮುಂದೆ ಹೇಳಿಬಿಡಲಿ.

“ಕಡತಕ್ಕೆ ರಹಸ್ಯ ಅಂತ ಮುದ್ರೆ ಒತ್ತಿದವರು ಯಾರೋ ಅವರ ಒಪ್ಪಿಗೆ ಬೇಕು, ಮೇಡಂ,” ಎಂದ ಯೂನ್. “ನಮೂನೆಯಲ್ಲಿ ‘ತೆರೆಯಲು ಯಾರ ಒಪ್ಪಿಗೆ ಬೇಕು’ ಅಂತ ಒಂದು ಖಾನೆ ಇದೆ. ಎಲ್ರೂ ಅಲ್ಲಿ ‘ಮೇಲಧಿಕಾರಿ’ ಅಂತ ಬರೀತಾರೆ. ಈ ಅಧಿಕಾರಿ ಮಾತ್ರ ಸ್ವಂತ ಪೂರ್ತಿ ಹೆಸರು ಬರೆದಿದ್ದಾರೆ. ಪಕ್ಕದಲ್ಲಿ, ‘ಬೇರೆಯವರಿಗೆ ಯಾಕೆ ತೊಂದರೆ’ ಅಂತಲೂ ಬರೆದಿದ್ದಾರೆ.”

ಹಾರ್ಲನ್ ಮೇಜಿನ ಅಂಚನ್ನು ಬಿಟ್ಟ. ಬೇರೆಯವರಿಗೆ ಯಾಕೆ ತೊಂದರೆ ಎನ್ನುವುದು ಅವನು ಹೋಟೆಲಿನಲ್ಲಿ ತಣ್ಣಗಾದ ಸೂಪು ಬಂದಾಗಲೂ ಹೇಳುವ ಮಾತು.

“ಹೆಸರು?” ಎಂದಳು ಅಧ್ಯಕ್ಷೆ.

“ಹಾರ್ಲನ್ ಗ್ರೋಟ್, ಮೇಡಂ.”

ಹಿಂದಿನ ಸಾಲಿನಿಂದ ಡಾರ್ಲೀನ್ ಉಸಿರೆಳೆದುಕೊಂಡದ್ದು ಅವನಿಗೆ ಕೇಳಿಸಿತು.

“ನನ್ನನ್ನ ಯಾರೂ ಕೇಳಲೇ ಇಲ್ವಲ್ಲ!” ಎಂದ ಹಾರ್ಲನ್.

“ಹತ್ತೊಂಬತ್ತು ಸಲ ಕೇಳಿದ್ದೀವಿ, ಸರ್. ನೀವು ಅರ್ಜಿ ಹಾಕಿದಾಗೆಲ್ಲ ನಿಮ್ಮ ಒಪ್ಪಿಗೆ ಕೇಳಿ ಕಾಗದ ಕಳಿಸಿದ್ದೀವಿ. ಒಂದಕ್ಕೂ ನೀವು ಉತ್ತರ ಕೊಡಲಿಲ್ಲ.”

“ಎಲ್ಲಿಗೆ ಕಳಿಸಿದ್ರಿ?”

“ಕಡತದಲ್ಲಿದ್ದ ವಿಳಾಸಕ್ಕೆ. ನಿಮ್ಮ ಮೇಜಿಗೆ.”

“ಅದು ಬಾಯ್ಲರ್ ಹಿಂದಿನ ಕೋಣೆ! ನಾನು ನಿವೃತ್ತನಾದ ಮೇಲೆ ಅಲ್ಲಿ ಮುರಿದ ಕುರ್ಚಿ ಇಡ್ತಾರೆ!”

“ಆ ಕೋಣೆಯ ವಿಚಾರ ಇನ್ನೂ ರಹಸ್ಯ, ಸರ್. ದಯವಿಟ್ಟು ಜೋರಾಗಿ ಹೇಳಬೇಡಿ.”

ಅಧ್ಯಕ್ಷೆ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. “ಸರಿ. ಮಿಸ್ಟರ್ ಗ್ರೋಟ್, ಈಗ ನಿಮ್ಮನ್ನೇ ಕೇಳ್ತಿದ್ದೀವಿ. ಒಪ್ಪಿಗೆ ಕೊಡ್ತೀರಾ?”

ಯಾರಾದರೂ ಇಂಥ ಹೊತ್ತಿನಲ್ಲಿ ‘ಕೊಡ್ತೀನಿ’ ಎಂದುಬಿಡುತ್ತಾರೆ. ಹಾರ್ಲನ್, “ಕಡತ ಒಂದ್ಸಲ ನೋಡಿ ಹೇಳ್ತೀನಿ,” ಎಂದ.

“ಅದನ್ನು ನೋಡೋ ಅರ್ಹತೆ ನಿಮಗೀಗ ಇಲ್ಲ, ಸರ್,” ಎಂದ ಯೂನ್.

“ಯಾರು ನೋಡಬಹುದು ಅಂತ ತೀರ್ಮಾನ ಮಾಡೋನು ನಾನೇ ಅಲ್ವಾ?”

“ಹೌದು. ಆದರೆ ನೋಡದೆ ತೀರ್ಮಾನ ಮಾಡಬೇಕು.”

ಯೂನ್ ಒಂದು ಕಾಗದವನ್ನು ಮೇಜಿನುದ್ದಕ್ಕೂ ಅವನ ಕಡೆ ಸರಿಸಿದ. ಹಾರ್ಲನ್ ಪೆನ್ನು ಹಿಡಿದು ಕೂತ. ಇಪ್ಪತ್ತೊಂಬತ್ತರ ವಯಸ್ಸಿನ ಹಾರ್ಲನ್ ಗ್ರೋಟ್ ದಡ್ಡನಾಗಿರಲಿಲ್ಲ, ಕಾರಣವಿಲ್ಲದೆ ಯಾವುದನ್ನೂ ಮುಚ್ಚುತ್ತಿರಲಿಲ್ಲ. ಏನಿತ್ತು ಅದರಲ್ಲಿ? ತಟ್ಟೆ ನೆನಪಿದೆ, ಬಿಸಿಲು ನೆನಪಿದೆ, ಬಿಡಲಿಲ್ಲ ಎನ್ನುವುದು ನೆನಪಿದೆ. ಇನ್ನೇನೋ ಇರಬೇಕು. ದೇಶಕ್ಕೆ ಕೇಡಾಗುವಂಥದ್ದು. ಈ ಮುದುಕ ಸಹಿ ಹಾಕಿ, ಆ ಹುಡುಗ ಅಷ್ಟು ಜೋಪಾನವಾಗಿ ಕಾಪಾಡಿದ್ದನ್ನು...

“ಹಾರ್ಲನ್.” ಹಿಂದಿನಿಂದ ಡಾರ್ಲೀನ್ ಮೆಲ್ಲಗೆ ಕರೆದಳು. “ಸೈನ್ ಹಾಕು.”

ಅವನು ಸಹಿ ಹಾಕಿದ.

ಚೀಲದ ಬೀಗ ತೆಗೆಯಲು ಯೂನ್‌ಗೆ ಮೂರು ಕೀಲಿ ಬೇಕಾದವು. ಕಡತ ತೆಳ್ಳಗಿತ್ತು. ಮೊದಲ ಪುಟದಲ್ಲಿ ಪೆನ್ಸಿಲಿನ ಚಿತ್ರವೊಂದಿತ್ತು, ಬೋರಲು ಹಾಕಿದ ಕಡುಬಿನ ತಟ್ಟೆಯ ಹಾಗೆ. ಯೂನ್ ಗಂಟಲು ಸರಿಮಾಡಿಕೊಂಡು ಓದಿದ.

“‘ಶುಕ್ರವಾರ ಬೆಳಿಗ್ಗೆ 5.10. ವಸ್ತು ವಿಮಾನದ ಓಡುದಾರಿಯ ಮೇಲೆ ಕಾಣಿಸಿಕೊಂಡಿತು. ಬೂದು ಬಣ್ಣ. ಸದ್ದಿಲ್ಲ. ಅಗಲ ಸುಮಾರು ಎರಡು ಬಸ್ಸಿನಷ್ಟು. ಅಲ್ಲಾಡುತ್ತಿಲ್ಲ. ಶುಕ್ರವಾರ ಮಧ್ಯಾಹ್ನ 12.00. ವರದಿಗಾರ, ಅಂದರೆ ಈ ವರದಿ ಬರೆಯುತ್ತಿರುವ ಗ್ರೋಟ್, ವಾಷಿಂಗ್ಟನ್‌ನಿಂದ ಬಂದು ಕುರ್ಚಿ ಹಾಕಿಕೊಂಡು ಕೂತ. ವಸ್ತು ಇನ್ನೂ ಅಲ್ಲಾಡುತ್ತಿಲ್ಲ.’”

ಪತ್ರಕರ್ತರು ಬಾಗಿಲ ಕಡೆ ಓಡಲು ಎದ್ದರು. ಸ್ಕಿಪ್ ಅಳುತ್ತಿದ್ದ. ಯೂನ್ ಪುಟ ತಿರುವಿದ.

“‘ಶನಿವಾರ ಬೆಳಿಗ್ಗೆ 5.00. ವರದಿಗಾರನಿಗೆ ಇವತ್ತು ಮದುವೆ ಎಂಬುದನ್ನು ಅಡುಗೆಯವನಿಂದ ತಿಳಿದ ಕರ್ನಲ್ ಬಾಸ್ಕೊಮ್, ವಿಮಾನ ಸಿದ್ಧಪಡಿಸಿ, ಹೊರಡಲು ಹೇಳಿದರು. ವರದಿಗಾರ ಒಪ್ಪಲಿಲ್ಲ. ಕಾರಣ: ವಸ್ತು ಇನ್ನೂ ಹೊರಟಿಲ್ಲ. ಅದಕ್ಕಿಂತ ಮೊದಲು ತಾನು ಹೊರಡುವುದು ಸೌಜನ್ಯವಲ್ಲ.’” ಯೂನ್ ಒಂದು ಕ್ಷಣ ತಡೆದ. “‘5.20. ಕರ್ನಲ್ ಮತ್ತೆ ಹೇಳಿದರು, ಬೈಗುಳ ಸಮೇತ. ವರದಿಗಾರ ಒಪ್ಪಲಿಲ್ಲ. 7.00. ಸ್ಯಾಂಡ್‌ವಿಚ್.’”

ಹಾರ್ಲನ್ ಅಲ್ಲಾಡಲಿಲ್ಲ. ಓದಿನ ನಡುವೆಯೇ ಅವನಿಗೆ ಎಲ್ಲವೂ ಒಂದೊಂದಾಗಿ ಕಾಣತೊಡಗಿತ್ತು: ಮುಂಜಾನೆಯ ತಣ್ಣನೆ ಗಾಳಿ, ತಿರುಗುತ್ತಿದ್ದ ವಿಮಾನದ ಪ್ರೊಪೆಲ್ಲರ್, ‘ಹೋಗೋ ಪೆದ್ದ, ಹುಡುಗಿ ಕಾಯ್ತಿರ್ತಾಳೆ’ ಎಂದು ಬೊಬ್ಬಿಡುತ್ತಿದ್ದ ಬಾಸ್ಕೊಮ್. ಬಿಡಲಿಲ್ಲ, ಬಿಡಲಿಲ್ಲ ಎಂದು ನಲವತ್ತು ವರ್ಷ ಹೇಳಿಕೊಂಡು ಹೇಳಿಕೊಂಡು ಅದನ್ನೇ ಅವನು ನಂಬಿಬಿಟ್ಟಿದ್ದ. ಅವನು ಮುದ್ರೆ ಒತ್ತಿ ಮುಚ್ಚಿದ್ದು ತಟ್ಟೆಯನ್ನಲ್ಲ, ತಾನೇ ಹೊರಡದಿದ್ದುದನ್ನು.

“ವಿಮಾನ ಇತ್ತಾ?” ಡಾರ್ಲೀನ್ ಎದ್ದುನಿಂತಿದ್ದಳು.

“ಮೇಡಂ, ಪ್ರೇಕ್ಷಕರು ಮಾತಾಡೋ ಹಾಗಿಲ್ಲ,” ಎಂದ ಟೆಕ್ಸಾಸಿನ ಸದಸ್ಯ. “ಅಧ್ಯಕ್ಷರೇ, ವಸ್ತುವಿನ ಬಗ್ಗೆ ನಂದೊಂದು ಪ್ರಶ್ನೆ...”

“ವಸ್ತು ಎಲ್ಲಿಗೂ ಹೋಗಲ್ಲ, ಕೂತ್ಕೊಳ್ಳಿ,” ಎಂದಳು ಅಧ್ಯಕ್ಷೆ. ಅವಳು ಡಾರ್ಲೀನಳನ್ನು ನೋಡಿದಳು, ಹಾರ್ಲನ್‌ನನ್ನು ನೋಡಿದಳು, ಸುತ್ತಿಗೆ ಕೆಳಗಿಟ್ಟಳು. “ಪ್ರಶ್ನೆ ಕೇಳೋಕೆ ನನ್ನ ಪಾಲಿಗಿರೋ ಐದು ನಿಮಿಷವನ್ನು ಈ ಮಹಿಳೆಗೆ ಬಿಟ್ಟುಕೊಡ್ತಿದ್ದೀನಿ.”

ದೀಪ ಹಸಿರಾಯಿತು.

“ಹಾರ್ಲನ್ ಗ್ರೋಟ್,” ಎಂದಳು ಡಾರ್ಲೀನ್. “ಬೇರೆ ಹೆಣ್ಣು ಅಂದ್ಕೊಂಡಿದ್ದೆ. ಹೆದರಿ ಓಡಿಹೋದೆ ಅಂದ್ಕೊಂಡಿದ್ದೆ. ಜೈಲಲ್ಲಿದ್ದೆ ಅಂತಲೂ ಒಂದು ವರ್ಷ ಅಂದ್ಕೊಂಡಿದ್ದೆ. ನೀನು ಒಂದು ತಟ್ಟೆಗೆ ಮರ್ಯಾದೆ ಕೊಡ್ತಾ ಕೂತಿದ್ದೆಯಾ?”

“ಅದು ಬಹಳ ದೂರದಿಂದ ಬಂದಿತ್ತು, ಡಾರ್ಲೀನ್.”

“ನಮ್ಮ ಮಿಲ್ಡ್ರೆಡ್ ಅತ್ತೆ ದೇಶದ ಆ ತುದಿಯ ಒರೆಗಾನ್‌ನಿಂದ ಮದುವೆಗೆ ಬಂದಿದ್ಲು!”

“ಅದರಿಂದ ಯಾರಾದ್ರೂ ಇಳಿದ್ರಾ?” ಸ್ಕಿಪ್ ತಡೆಯಲಾರದೆ ಕೂಗಿದ.

“ಯಾರೂ ಇಳೀಲಿಲ್ಲ,” ಎಂದ ಹಾರ್ಲನ್, ಹೆಂಡತಿಯಿಂದ ಕಣ್ಣು ತೆಗೆಯದೆ. “ಭಾನುವಾರ ಸಂಜೆ ನಾಲ್ಕು ಹತ್ತಕ್ಕೆ ಅದು ಹೋಯ್ತು. ನಾಲ್ಕು ಹದಿನೈದಕ್ಕೆ ನಾನು ಹೊರಟೆ. ಡಾರ್ಲೀನ್, ನಂಗೆ... ನಂಗೆ ನಿಜವಾಗ್ಲೂ ಅವರು ಬಿಡಲಿಲ್ಲ ಅಂತಲೇ ನೆನಪಿತ್ತು.”

ಡಾರ್ಲೀನ್ ಕೈಚೀಲ ಎತ್ತಿಕೊಂಡು, ಹಸಿರು ಅಂಗಿಗಳ ಮೊಣಕಾಲುಗಳನ್ನು ದಾಟಿಕೊಂಡು, ಹೊರಗೆ ಹೋದಳು. ಇನ್ನೂ ಮೂರು ನಿಮಿಷ ಹನ್ನೆರಡು ಸೆಕೆಂಡು ಉಳಿದಿತ್ತು. ಅಷ್ಟೂ ಹೊತ್ತು ಯಾರೂ ಮಾತಾಡಲಿಲ್ಲ, ಆ ಸಮಯ ಅವಳದಾಗಿತ್ತು.

ಅವತ್ತು ಸಂಜೆ ದೇಶದ ಎಲ್ಲ ಟಿವಿಗಳಲ್ಲೂ ಪೆನ್ಸಿಲಿನ ತಟ್ಟೆ ಬಂತು. ಹಾರ್ಲನ್ ನೋಡಲಿಲ್ಲ. ಡಾರ್ಲೀನ್ ಫ್ರೆಡರಿಕ್ಸ್‌ಬರ್ಗಿನಲ್ಲಿದ್ದ ತಂಗಿಯ ಮನೆಗೆ ಹೋಗಿದ್ದಳು, ಫೋನು ಎತ್ತುತ್ತಿರಲಿಲ್ಲ. ಅವನು ಟೊಮೆಟೊ ಗಿಡಗಳಿಗೆ ಎರಡೆರಡು ಸಲ ನೀರು ಹಾಕಿದ. ಮೂರು ಕ್ರಿಸ್‌ಮಸ್ ಕಾರ್ಡು ತೆಗೆದು, ಜೂನ್ ತಿಂಗಳಾದರೂ, ಮೂವರಿಗೂ ಕ್ಷಮೆ ಕೇಳಿ ಬರೆದ. ಬಾಸ್ಕೊಮ್‌ನ ಕಾರ್ಡಿನಲ್ಲಿ ‘ವಿಮಾನಕ್ಕೆ ಧನ್ಯವಾದ’ ಎಂದು ಸೇರಿಸಿದ. ಲಕೋಟೆ ಅಂಟಿಸುವ ಮೊದಲು ಇದನ್ನೂ ಪರಿಶೀಲನೆಗೆ ಕಳಿಸಬೇಕೇ ಎಂದು ಬಹಳ ಹೊತ್ತು ಯೋಚಿಸಿ, ನಾಲಿಗೆಯಿಂದ ಸವರಿ ಅಂಟಿಸಿಬಿಟ್ಟ. ಜೀವಮಾನದಲ್ಲಿ ಅವನು ಮಾಡಿದ ಮೊದಲ ಅಪರಾಧ ಅದು.

ಶನಿವಾರ ಎರಡು ಗಂಟೆಗೇ ಅವನು ಚರ್ಚಿನ ಹಾಲ್‌ನಲ್ಲಿದ್ದ. ಬೂದು ಸೂಟು, ಎದೆಯಲ್ಲಿ ಬಿಳಿ ಹೂವು. ಅರವತ್ತು ಜನ ಬಂದರು. ಕೇಕ್ ಬಂತು, ಮೂರಂತಸ್ತಿನದು. ಮೂರು ಗಂಟೆಯಾಯಿತು. ಪಾದ್ರಿಯಮ್ಮ ಗಡಿಯಾರ ನೋಡಿಕೊಂಡಳು. ಮೂರೂಕಾಲು. ಮೂರೂವರೆಗೆ ಜನ ಮೊಟ್ಟೆಯ ತಟ್ಟೆಗಳ ಕಡೆ ಸರಿದರು. ಮೂರೂಮುಕ್ಕಾಲಿಗೆ ಯಾರೋ ಕೇಕಿನ ಕೆಳಗಿನ ಅಂತಸ್ತಿಗೆ ಚಾಕು ಹಾಕಿದರು, ಯಾರೆಂದು ಯಾರೂ ಒಪ್ಪಿಕೊಳ್ಳಲಿಲ್ಲ, ಆದರೆ ಸ್ಕಿಪ್‌ನ ಮೀಸೆಯಲ್ಲಿ ಕೆನೆಯಿತ್ತು.

“ಗುರುವೇ, ನಡಿ ಹೋಗೋಣ,” ಎಂದ ಸ್ಕಿಪ್, ಅವನ ಭುಜ ಹಿಡಿದು. “ಮನೆಗೆ ಬಿಡ್ತೀನಿ. ಬರಲ್ಲ ಅವಳು.”

“ಬರದೇ ಇರಬಹುದು.”

“ಮತ್ತೆ? ಎರಡು ಗಂಟೆಯಿಂದ ಇಲ್ಲೇ ನಿಂತಿದ್ದೀಯ. ಕೂತ್ಕೊಳ್ಳೋದೂ ಇಲ್ಲ.”

“ನಾನು ಮೊದಲು ಹೊರಡೋದು ಸರಿಯಲ್ಲ, ಸ್ಕಿಪ್.”

“ಎಷ್ಟು ಹೊತ್ತು ನಿಲ್ತೀಯ?”

“ಐವತ್ತೊಂಬತ್ತು ಗಂಟೆ ಕಾಯೋದು ನಂಗೆ ಅಭ್ಯಾಸ ಇದೆ,” ಎಂದ ಹಾರ್ಲನ್. ಹೇಳಿದ ಮೇಲೆ ಅದು ಸರಿಯಲ್ಲವೆನಿಸಿ, “ಮಧ್ಯಾಹ್ನ ಬಂದಿದ್ದೆ ಅಲ್ವಾ, ಐವತ್ತೆರಡು,” ಎಂದು ತಿದ್ದಿದ.

ಗಡಿಯಾರದಲ್ಲಿ ನಾಲ್ಕು ಹತ್ತಾದಾಗ ಬಾಗಿಲು ತೆರೆಯಿತು. ಡಾರ್ಲೀನ್ ಬಂದಳು, ಬಿಳಿ ಉಡುಪು, ಕುತ್ತಿಗೆಯಲ್ಲಿ ತಂಗಿಯ ದುರ್ಬೀನು. ಮುಖದ ಎಡಭಾಗವೆಲ್ಲ ಬಿಸಿಲಿಗೆ ಕೆಂಪಾಗಿತ್ತು, ಬಲಭಾಗ ಬೆಳ್ಳಗೇ ಇತ್ತು. ಹಾಲ್‌ನ ದೊಡ್ಡ ಕಿಟಕಿಯಾಚೆ, ಕಾರು ನಿಲ್ಲಿಸುವ ಬಯಲಿನ ಆ ತುದಿಯಲ್ಲಿ, ಮಡಚುವ ಕುರ್ಚಿಯೊಂದು ಹಾಲ್‌ನ ಕಡೆ ಮುಖಮಾಡಿ ಒಂಟಿಯಾಗಿ ನಿಂತಿತ್ತು.

ಜನ ತಟ್ಟೆ ಹಿಡಿದುಕೊಂಡೇ ದಾರಿ ಬಿಟ್ಟರು. ಅವಳು ಬಂದು ಅವನ ಪಕ್ಕ ನಿಂತಳು, ಅವನ ಕೋಟಿನ ಮೇಲಿದ್ದ ಹೂವನ್ನು ನೆಟ್ಟಗೆ ಮಾಡಿದಳು. ಅವಳ ತುಟಿ ಬಿಗಿಯಾಗಿತ್ತು, ಅದರ ಒಂದು ಮೂಲೆ ಮಾತ್ರ ಮಾತು ಕೇಳುತ್ತಿರಲಿಲ್ಲ.

“ಎಲ್ಲಿದ್ದೆ?” ಎಂದ ಹಾರ್ಲನ್.

“ಹೇಳೋಹಾಗಿಲ್ಲ.”

“ಯಾವಾಗ ಹೇಳ್ತೀಯ?”

“ಅರ್ಜಿ ಹಾಕ್ಕೋ,” ಎಂದಳು ಡಾರ್ಲೀನ್, ಪಾದ್ರಿಯಮ್ಮನಿಗೆ ಶುರುಮಾಡಲು ಕೈಸನ್ನೆ ಮಾಡುತ್ತ.